ಸಹಾಯ ಬೇಕು: ಫೆಂಟನ್ ಮಾಡಿದರೆ ಬಣ್ಣ ಹೋಗುತ್ತೆ, ಸಿಒಡಿ ಇಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಡೈಯಿಂಗ್ ಯೂನಿಟ್‌ನ ಇಟಿಪಿ (ಕೊಳಕು ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುತ್ತೇನೆ. ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹಾಕುವ ಕೆಲಸ, ಹಾಗಾಗಿ ನೀರಲ್ಲಿ ಉಪ್ಪೂ ಜಾಸ್ತಿ. ಒಂದು ವಾರದಿಂದ ಬೀಕರ್‌ನಲ್ಲಿ ಫೆಂಟನ್ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಒಡೆಯುವ ವಿಧಾನ) ಮಾಡಿ ನೋಡುತ್ತಿದ್ದೇನೆ: ಆಸಿಡ್ ಹಾಕಿ ಪಿಎಚ್ 3ಕ್ಕೆ ತಂದು, ಫೆರಸ್ ಸಲ್ಫೇಟ್ ಕರಗಿಸಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪ ಸ್ವಲ್ಪವೇ ಬಿಡುವುದು. ಕಡುನೀಲಿ ನೀರು ಹತ್ತೇ ನಿಮಿಷಕ್ಕೆ ತೆಳು ಚಹಾದ ಬಣ್ಣಕ್ಕೆ ಬರುತ್ತದೆ, ನೋಡೋಕೆ ಖುಷಿ. ಆದರೆ ಸಿಒಡಿ (ನೀರಲ್ಲಿ ಎಷ್ಟು ಕೊಳೆ ಉಳಿದಿದೆ ಅನ್ನುವ ಅಳತೆ) ಲೀಟರಿಗೆ 900 ಮಿಲಿಗ್ರಾಂನಿಂದ 640ಕ್ಕೆ ಇಳಿದು ಅಲ್ಲೇ ಕೂತಿದೆ, ನಮಗೆ 250ರ ಒಳಗೆ ಬೇಕು. ಪೆರಾಕ್ಸೈಡ್ ಜಾಸ್ತಿ ಮಾಡಿದರೆ ಇಳಿಯೋದು ಬಿಟ್ಟು ಏರುತ್ತದೆ!

ನೀರಲ್ಲಿ ಉಳಿದ ಪೆರಾಕ್ಸೈಡೇ ಸಿಒಡಿ ಅಳೆಯಲು ಹಾಕುವ ಡೈಕ್ರೋಮೇಟನ್ನು ತಿಂದು ಸುಳ್ಳು ರೀಡಿಂಗ್ ಕೊಡುತ್ತಿದೆ ಅಂತ ನನ್ನ ಅನುಮಾನ. ಸುಣ್ಣ ಹಾಕಿ ಪಿಎಚ್ ಏರಿಸಿ, ರಾತ್ರಿಯಿಡೀ ಬಿಟ್ಟು ಅಳೆದರೆ ಸಾಕಾ, ಇಲ್ಲಾ ಕ್ಯಾಟಲೇಸ್ (ಪೆರಾಕ್ಸೈಡ್ ಒಡೆಯುವ ಕಿಣ್ವ) ಹಾಕಲೇಬೇಕಾ? ಉಪ್ಪಿನ ಕ್ಲೋರೈಡ್, ಫೆಂಟನ್‌ನಲ್ಲಿ ಕೊಳೆ ಒಡೆಯುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ನುಂಗುತ್ತದೆ ಅಲ್ವಾ, ಅದಕ್ಕೆ ನೀವೇನು ಮಾಡುತ್ತೀರಿ? ತುಕ್ಕಿನ ಬಣ್ಣದ ಸ್ಲಡ್ಜ್ ಬೇರೆ ಬೀಕರಿನ ಕಾಲು ಭಾಗ ನಿಲ್ಲುತ್ತಿದೆ, ಕಬ್ಬಿಣ ಕಡಿಮೆ ಮಾಡುವ ದಾರಿ ಇದ್ದರೆ ಅದನ್ನೂ ಹೇಳಿ.

ಓಝೋನ್ ಹಾಕಿ ಅಂತ ಮಾತ್ರ ದಯವಿಟ್ಟು ಬೇಡ, ಬೆಲೆ ಕೇಳಿ ನಮ್ಮ ಮಾಲೀಕರು ಎದ್ದೇ ಹೋದರು. ಕೈಯಾರೆ ಮಾಡಿದವರು ಯಾರಾದರೂ ಇದ್ದರೆ ನಿಮ್ಮ ಡೋಸ್ ಲೆಕ್ಕ ಹೇಳಿ ಪ್ಲೀಸ್.