ನ್ಯೂಯಾರ್ಕ್‌ನಲ್ಲಿ ನೋಂದಾಯಿಸಿದ ಸಹಜೀವನವನ್ನು ಶಿವಮೊಗ್ಗದಲ್ಲಿ ರದ್ದು ಮಾಡಿಸಬಹುದೇ?

ಪ್ರಶ್ನೆ (ಸಾಗರದಿಂದ)

ನನ್ನ ತಮ್ಮ ನ್ಯೂಯಾರ್ಕ್ ನಗರದಲ್ಲಿ ಉದ್ಯೋಗದಲ್ಲಿದ್ದಾಗ, ಜೊತೆಯಲ್ಲಿ ವಾಸವಾಗಿದ್ದ ಗೆಳತಿಯನ್ನು ತನ್ನ ಕಂಪನಿಯ ಆರೋಗ್ಯ ವಿಮೆಗೆ ಸೇರಿಸುವ ಸಲುವಾಗಿ, ಅಲ್ಲಿನ ಸಿಟಿ ಕ್ಲರ್ಕ್ ಕಚೇರಿಯಲ್ಲಿ ‘ಡೊಮೆಸ್ಟಿಕ್ ಪಾರ್ಟ್‌ನರ್‌ಶಿಪ್’ ನೋಂದಾಯಿಸಿದ್ದ. ಈಗ ಇಬ್ಬರೂ ಬೇರೆಯಾಗಿದ್ದಾರೆ. ಆಕೆ ಅದೇ ನಗರದಲ್ಲಿದ್ದಾಳೆ, ತಮ್ಮ ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದಾನೆ. ಹೊಸನಗರ ಕಡೆಯ ಸಂಬಂಧವೊಂದರ ಮಾತುಕತೆ ನಡೆದಿದೆ. ಆ ನೋಂದಣಿ ಮದುವೆಯೆಂದೇ ಲೆಕ್ಕ, ಶಿವಮೊಗ್ಗದ ಕುಟುಂಬ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆಯದೆ ಮುಂದುವರಿಯಬಾರದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಅದು ಬರೀ ವಿಮೆಯ ಕಾಗದ, ಬಿಟ್ಟುಬಿಡಿ ಎನ್ನುತ್ತಾರೆ ಇನ್ನೊಬ್ಬರು. ಯಾವುದು ಸರಿ?

ಉತ್ತರ (ಶಿವಮೊಗ್ಗದಿಂದ, ವಕೀಲ ವೃತ್ತಿ)

ಎರಡೂ ಅಲ್ಲ. ನ್ಯೂಯಾರ್ಕ್ ನಗರದಲ್ಲಿ 1993ರಲ್ಲಿ ಆರಂಭವಾಗಿ 1998ರಲ್ಲಿ ನಗರದ ಶಾಸನವಾಗಿ ಗಟ್ಟಿಯಾದ ಈ ನೋಂದಣಿ ಮದುವೆಯಲ್ಲ. ಮದುವೆಗೆ ಅಲ್ಲಿ ಬೇರೆಯೇ ಪರವಾನಗಿ ಇದೆ. ಅಮೆರಿಕದ ಕೇಂದ್ರ ತೆರಿಗೆ ಇಲಾಖೆಯೂ ಇಂಥ ಸಂಗಾತಿಯನ್ನು ಪತಿ ಅಥವಾ ಪತ್ನಿ ಎಂದು ಗಣಿಸುವುದಿಲ್ಲ. ಆದ್ದರಿಂದಲೇ ಗೆಳತಿಯ ವಿಮೆಗೆ ಕಂಪನಿ ಕಟ್ಟಿದ ಪಾಲು ಸಾಮಾನ್ಯವಾಗಿ ನೌಕರನ ತೆರಿಗೆಯ ಆದಾಯಕ್ಕೆ ಸೇರುತ್ತದೆ. ತಮ್ಮನ ಹಳೆಯ ಸಂಬಳ ಚೀಟಿ ಸಿಕ್ಕರೆ ನೋಡಿ. ಮದುವೆಯೇ ಇಲ್ಲದಿರುವಾಗ 1955ರ ಹಿಂದೂ ವಿವಾಹ ಕಾಯ್ದೆಯಡಿ ಕುಟುಂಬ ನ್ಯಾಯಾಲಯ ಬಿಡಿಸಬೇಕಾದ ಗಂಟೂ ಇರುವುದಿಲ್ಲ.

ಆದರೂ ಕಡತ ತೆರೆದೇ ಉಳಿಯಬಾರದು. ತೆರೆದ ಕಚೇರಿಯೇ ಅದನ್ನು ಮುಚ್ಚಬೇಕು. ಸಿಟಿ ಕ್ಲರ್ಕ್ ಕಚೇರಿಗೆ ಮುಕ್ತಾಯದ ಹೇಳಿಕೆಯನ್ನು ಇಬ್ಬರೂ ಸೇರಿ ಸಲ್ಲಿಸಬಹುದು, ಒಬ್ಬರೇ ಕೂಡ ಸಲ್ಲಿಸಬಹುದು. ಒಬ್ಬರೇ ಸಲ್ಲಿಸುವುದಾದರೆ ಇನ್ನೊಬ್ಬರಿಗೆ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ನೋಟಿಸು ಹೋಗಬೇಕು. ನ್ಯಾಯಾಧೀಶರ ಮುಂದೆ ನಿಲ್ಲುವ ಪ್ರಮೇಯವಿಲ್ಲ. ಆಕೆ ಅದೇ ನಗರದಲ್ಲಿರುವುದರಿಂದ, ಇಬ್ಬರ ನಡುವೆ ಮಾತು ಉಳಿದಿದ್ದರೆ, ಆಕೆಯೇ ಸಲ್ಲಿಸಿ ನೋಟಿಸನ್ನು ಸಾಗರಕ್ಕೆ ಕಳುಹಿಸುವುದು ಸುಲಭದ ದಾರಿ. ಮೊದಲು ಪ್ರಮಾಣಪತ್ರದ ತಲೆಬರಹವನ್ನು ಓದಿಕೊಳ್ಳಿ. ಅದು ಕ್ಯಾಲಿಫೋರ್ನಿಯಾ ರಾಜ್ಯದ್ದಾಗಿದ್ದರೆ ನಾನು ಹೇಳಿದ್ದು ಅನ್ವಯಿಸುವುದಿಲ್ಲ. ಅಲ್ಲಿ ಮಕ್ಕಳಿದ್ದರೆ, ಅಥವಾ ನೋಂದಣಿಗೆ 5 ವರ್ಷ ಮೀರಿದ್ದರೆ, ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ.

ಉತ್ತರ (ತೀರ್ಥಹಳ್ಳಿಯಿಂದ)

ಮೇಲಿನ ಮಾತನ್ನು ಒಪ್ಪುತ್ತೇನೆ. ನಮ್ಮಲ್ಲಿ ಗ್ರಾಮ ಪಂಚಾಯಿತಿಯಲ್ಲಾಗಲಿ ಮಹಾನಗರ ಪಾಲಿಕೆಯಲ್ಲಾಗಲಿ ಇಂಥದೊಂದು ವಹಿಯೇ ಇಲ್ಲ. 2025ರ ಜನವರಿಯಿಂದ ಸಹಜೀವನದ ನೋಂದಣಿ ಕಡ್ಡಾಯವಾಗಿರುವುದು ಉತ್ತರಾಖಂಡದಲ್ಲಿ. ಹಾಗಾಗಿ ನೋಟರಿಯ ಬಳಿ ಛಾಪಾ ಕಾಗದದಲ್ಲಿ ‘ಬಿಡುಗಡೆ ಪತ್ರ’ ಬರೆಸಿಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ಹಣ ಕಳೆದುಕೊಳ್ಳಬೇಡಿ.

ಅನಗತ್ಯವಾಗಿ ವಿಚ್ಛೇದನದ ಅರ್ಜಿ ಹಾಕುವುದರಿಂದ ಇನ್ನೊಂದು ತೊಡಕಿದೆ. ನಮ್ಮ ಕಡೆ ಮಂತ್ರಮಾಂಗಲ್ಯವಾದ ಅನೇಕರು 1954ರ ವಿಶೇಷ ವಿವಾಹ ಕಾಯ್ದೆಯಡಿಯೂ ನೋಂದಾಯಿಸಿಕೊಳ್ಳುತ್ತಾರೆ. ಆ ಕಾಯ್ದೆಯಡಿ ವಿವಾಹವಾಗಲು 30 ದಿನ ಮೊದಲು ಕೊಡುವ ನೋಟಿಸಿನಲ್ಲಿ ವರ ಅವಿವಾಹಿತನೋ, ವಿಧುರನೋ, ವಿಚ್ಛೇದಿತನೋ ಎಂದು ಬರೆಯುವ ಕಾಲಂ ಇದೆ. ಅವಿವಾಹಿತ ಎಂದು ಬರೆಯಬೇಕಾದ ಹುಡುಗ, ತಾನು ವಿವಾಹಿತನಾಗಿದ್ದೆ ಎಂದು ನ್ಯಾಯಾಲಯದಲ್ಲಿ ತಾನೇ ದಾಖಲೆ ಸೃಷ್ಟಿಸಿಕೊಂಡಂತಾಗುತ್ತದೆ.

ಹೆಣ್ಣಿನ ಮನೆಯವರಿಗೆ, ಅದರಲ್ಲೂ ಹುಡುಗಿಗೆ, ಈಗಲೇ ಎಲ್ಲವನ್ನೂ ತಿಳಿಸಿ. ಮಹತ್ವದ ಸಂಗತಿಯನ್ನು ಮುಚ್ಚಿಟ್ಟು ವಂಚನೆಯಿಂದ ಒಪ್ಪಿಗೆ ಪಡೆದಿದ್ದರೆ, ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ ಮದುವೆಯನ್ನೇ ಅಸಿಂಧುಗೊಳಿಸುವಂತೆ ಆಕೆ ಅರ್ಜಿ ಸಲ್ಲಿಸಬಹುದು. ನಾಲ್ಕು ಜನ ನಾಲ್ಕು ಮಾತಾಡುತ್ತಾರೆಂಬ ಅಂಜಿಕೆಗಿಂತ ಇದು ದೊಡ್ಡದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಪ್ರಮಾಣಪತ್ರ ನಗರದ್ದೇ. ಅಲ್ಲಿನ ಜಂಟಿ ಬ್ಯಾಂಕ್ ಖಾತೆ ಈ ಹೇಳಿಕೆಯಿಂದಲೇ ಮುಗಿಯುತ್ತದೆಯೇ?

ಉತ್ತರ (ಶಿವಮೊಗ್ಗದಿಂದ, ವಕೀಲ ವೃತ್ತಿ)

ಇಲ್ಲ. ಖಾತೆ, ಬಾಡಿಗೆ ಕರಾರು, ನಾಮಿನಿಯ ಹೆಸರು ಇವನ್ನೆಲ್ಲ ಬೇರೆಬೇರೆಯಾಗಿಯೇ ಬದಲಿಸಬೇಕು. ವಿಮೆ ಇನ್ನೂ ನಡೆಯುತ್ತಿದ್ದರೆ ಕಂಪನಿಗೂ ಲಿಖಿತವಾಗಿ ತಿಳಿಸಬೇಕು.