ಸುಮಾ, ನಡಾವಳಿಯಲ್ಲಿ ‘ಬಣ’ ಬೇಡ

ಸುಮಾ, ನಿನ್ನ ಪ್ರಶ್ನೆಯನ್ನು ಈಗ ನೋಡಿದೆ, ಕನ್ನಡಕ ಹುಡುಕುವಷ್ಟರಲ್ಲಿ ತಡವಾಯಿತು. ಅಪಾರ್ಟ್‌ಮೆಂಟ್ ಸಂಘದ ನಡಾವಳಿಯಲ್ಲಿ ‘ಶುಲ್ಕ ವಿರೋಧಿ ಬಣ’ ಎಂದು ಬರೆದೆ, ಅವರೆಲ್ಲ ಸಿಟ್ಟಾಗಿದ್ದಾರೆ, ಬಣ ಎಂದರೆ ಬೈಗುಳವೇ ದೊಡ್ಡಪ್ಪ ಎಂದು ಕೇಳಿದ್ದೀಯಲ್ಲ. ಬೈಗುಳವಲ್ಲ. ನಮ್ಮ ಬೆಂಗಳೂರಿನ ಕನ್ನಡ ಸಂಘಟನೆಗಳ ಫಲಕ ನೋಡು, ಮುಖಂಡರ ಹೆಸರಿನ ಜೊತೆ ಬಣ ಎಂದು ಅವರೇ ಹೆಮ್ಮೆಯಿಂದ ಬರೆಸಿರುತ್ತಾರೆ. ತಾವಾಗಿ ಬರೆಸಿಕೊಳ್ಳುವುದು ಬೇರೆ, ಇನ್ನೊಬ್ಬರು ಹಣೆಪಟ್ಟಿ ಕಟ್ಟುವುದು ಬೇರೆ. ನಡಾವಳಿಯಲ್ಲಿ ಆ ಪದ ಬೇಡ.

ಚಾಮರಾಜಪೇಟೆಯ ಮನೆ ನಿಮಗೆಲ್ಲ ಗೊತ್ತೇ ಇದೆ. ಆಗ ಬೀದಿಯ ಗಣೇಶ ಸಮಿತಿಗೆ ನಾನೇ ಕಾರ್ಯದರ್ಶಿ. ಪೆಂಡಾಲ್ ಬೇವಿನ ಮರದ ಕೆಳಗೋ ನಲ್ಲಿಕಟ್ಟೆಯ ಹತ್ತಿರವೋ, ಜಗಳ ಇಷ್ಟೇ. ಏಳು ಜನ ನಲ್ಲಿಕಟ್ಟೆಯೇ ಆಗಬೇಕೆಂದರು. ನಾನು ಮಹಾ ಬುದ್ಧಿವಂತನಂತೆ, ಹಸಿರು ಶಾಯಿಯಲ್ಲಿ, ‘ನಲ್ಲಿಕಟ್ಟೆ ಬಣ ಸಭೆಯಿಂದ ಹೊರನಡೆಯಿತು’ ಎಂದು ಬರೆದೆ. ಅವರು ಹೊರಗೆ ಹೋದದ್ದು ಕಾಫಿ ಕುಡಿಯುವುದಕ್ಕೆ! ಮುಂದಿನ ಸಭೆಯಲ್ಲಿ ಅದನ್ನು ಓದಿದಾಗ ಏಳು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾವೊಂದು ಬಣ ಎಂಬುದು ಅಲ್ಲಿಯವರೆಗೆ ಅವರಿಗೇ ಗೊತ್ತಿರಲಿಲ್ಲ. ಆ ವರ್ಷ ಒಂದೇ ಬೀದಿಗೆ ಎರಡು ಗಣೇಶ, ಎರಡು ರಸೀದಿ ಪುಸ್ತಕ. ಇಂದಿಗೂ ಎರಡೇ.

1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸಭೆ ಸೇರಿದಾಗಲೂ ಬಣಗಳಿದ್ದವು, ಆದರೆ ಪಕ್ಷ ಒಂದೇ. ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿದ ಮೇಲೆ ಅದು ವಿಭಜನೆ. ಆಗ ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರ ಕಡೆಯದು ಸಂಸ್ಥಾ ಕಾಂಗ್ರೆಸ್ ಎನಿಸಿತು. ಭಿನ್ನಮತಕ್ಕೆ ಒಂದು ಅಭಿಪ್ರಾಯ ಸಾಕು, ಬಣಕ್ಕೆ ಮುಖಂಡ ಬೇಕು, ವಿಭಜನೆಗೆ ಬೇರೆ ಬೋರ್ಡೇ ಬೇಕು. ನಿಮ್ಮವರಿಗೆ ಇರುವುದು ಬರೀ ಅಭಿಪ್ರಾಯ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ನಡಾವಳಿಯಲ್ಲಿ ಬಣ ಎಂದು ಬರೆಯಬೇಡ.

ನನಗೆ ಸಿಕ್ಕಿದ್ದೇನು? ಸ್ಮರಣ ಸಂಚಿಕೆ ತಂದಾಗ ಎರಡೂ ಸಮಿತಿಯವರು ನನ್ನ ಹೆಸರು ಬಿಟ್ಟರು. ಅದೊಂದರಲ್ಲಿ ಮಾತ್ರ ಒಗ್ಗಟ್ಟು! ಹನ್ನೊಂದು ವರ್ಷ ಮನೆಮನೆಗೆ ಹೋಗಿ ರಸೀದಿ ಹರಿದವನು ನಾನು. ಪ್ರಸಾದದ ಕಡುಬು ಕೂಡ ಮರುದಿನ ಬರುತ್ತದೆ, ಒಣಗಿ. ‘ಇನ್ನೂ ಅದನ್ನೇ ಹಿಡಿದುಕೊಂಡಿದ್ದೀರಾ’ ಎನ್ನುತ್ತಾಳೆ ನಿಮ್ಮ ದೊಡ್ಡಮ್ಮ. ಹಿಡಿದುಕೊಂಡಿದ್ದೇನೆ, ಏನೀಗ?

ಹಾಂ, ನೀನು ಕೇಳಿದ್ದು. ಆ ಸಾಲಿಗೆ ಬಿಳಿ ಶಾಯಿ ಹಚ್ಚಿ ಅಳಿಸಬೇಡ, ಅದು ಇನ್ನೊಂದು ಜಗಳ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿಯನ್ನು ಓದಿ ಅಂಗೀಕರಿಸುವಾಗ ತಿದ್ದುಪಡಿ ಹಾಕಿಸು: ‘ಶುಲ್ಕ ಏರಿಕೆಗೆ ಇಷ್ಟು ಸದಸ್ಯರು ಅಸಮ್ಮತಿ ಸೂಚಿಸಿದರು.’ ಎಷ್ಟು ಜನ ಎಂದು ಸರಿಯಾಗಿ ಎಣಿಸಿ ಬರೆ. ಅಧ್ಯಕ್ಷರ ಸಹಿ ತಿದ್ದುಪಡಿಯ ಪಕ್ಕದಲ್ಲೇ ಇರಲಿ.