ಕಾರ್ಪೆಟ್ ತೊಳೆಯುವವರನ್ನು ಕೇಳಿ: ತೊಳೆದ ಮೇಲೆ ಬೇಗ ಕೊಳೆಯಾಗುವುದೇಕೆ?

ಕಾರ್ಪೆಟ್ ತೊಳೆಯುವುದು ನನ್ನ ಕಸುಬು. ಕಲೆ, ವಾಸನೆ, ಮಂಕು, ಏನಿದ್ದರೂ ಕೇಳಿ. ಬಿಡುವಾದಾಗ ಉತ್ತರ ಬರೆಯುತ್ತೇನೆ. ಕಾರ್ಪೆಟ್ ಉಣ್ಣೆಯದೋ ನೈಲಾನಿನದೋ ಗೊತ್ತಿದ್ದರೆ ಮೊದಲೇ ಹೇಳಿಬಿಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಪ್ರಶ್ನೆ: ಸರ್, ನಮ್ಮದು ನೈಲಾನ್. ಹೋದ ತಿಂಗಳು ಯಂತ್ರ ಬಾಡಿಗೆಗೆ ತಂದು ನಾನೇ ಶಾಂಪೂ ಹಾಕಿ ತೊಳೆದೆ. ಎರಡು ದಿನ ಹೊಸದರ ಹಾಗೆ ಇತ್ತು. ಈಗ ಮೊದಲಿಗಿಂತ ಜಾಸ್ತಿ ಕೊಳೆ. ಓಡಾಡುವ ಜಾಗದಲ್ಲಂತೂ ಕಪ್ಪು ಪಟ್ಟೆ ಬಿದ್ದಿದೆ. ಶಾಂಪೂ ಕಡಿಮೆಯಾಯಿತಾ?

ಉತ್ತರ: ಕಡಿಮೆಯಲ್ಲ, ಜಾಸ್ತಿಯಾಯಿತು. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿ ನೋಡಿ. ನೊರೆ ಬಂದರೆ ಸೋಪು ಇನ್ನೂ ಒಳಗೇ ಇದೆ ಅಂತ ಅರ್ಥ. ಒಣಗಿದ ಸೋಪಿಗೆ ಅಂಟು ಗುಣ. ಕಾಲಿನ ಧೂಳನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಪಾತ್ರೆಗೆ ಸೋಪು ಹಚ್ಚಿ ತೊಳೆಯದೆ ಹಾಗೇ ಕವುಚಿಟ್ಟಂತೆ ಆಗಿದೆ, ಅಷ್ಟೆ.

ಅದೇ ಯಂತ್ರ ಇನ್ನೊಮ್ಮೆ ತನ್ನಿ. ಈ ಸಲ ಶಾಂಪೂ ಬೇಡ, ಬರೀ ಬಿಸಿನೀರು. ಒಂದು ಸಲ ನೀರು ಬಿಟ್ಟು ಎಳೆದರೆ, ಎರಡು ಮೂರು ಸಲ ನೀರು ಬಿಡದೆ ಸುಮ್ನೆ ಹೀರಿಸಿ. ಟ್ಯಾಂಕಿಗೆ ಬರುವ ನೀರಲ್ಲಿ ನೊರೆ ನಿಲ್ಲುವ ತನಕ ಬಿಡಬೇಡಿ. ನೀರು, ಸೋಪು ಯಾರು ಬೇಕಾದರೂ ಹಾಕಬಹುದು. ಹಾಕಿದ್ದನ್ನು ವಾಪಸ್ ತೆಗೆಯುವುದಕ್ಕೇ ನನ್ನಂಥವರನ್ನು ಕರೆಯುವುದು.

ಇನ್ನೊಂದು ಮಾತು. ಒದ್ದೆ ಮಾಡುವ ಮೊದಲು ವ್ಯಾಕ್ಯೂಮ್ ಮಾಡಿದ್ದಿರಾ? ಕಾರ್ಪೆಟ್ಟಿನ ಕೊಳೆಯಲ್ಲಿ ಬಹುಪಾಲು ಒಣ ಧೂಳು, ಮರಳು. ಅದರ ಮೇಲೆ ನೀರು ಬಿದ್ದರೆ ಕೆಸರು. ನಿಧಾನವಾಗಿ, ಹಿಂದೆ ಮುಂದೆ, ಓಡಾಡುವ ಜಾಗದಲ್ಲಿ ನಾಲ್ಕೈದು ಸಲ ಎಳೆಯಬೇಕು. ಮರಳಿನ ಕಣಕ್ಕೆ ಚೂಪು ಅಂಚು ಇರುತ್ತದೆ, ಕಾಲಡಿ ಸಿಕ್ಕಾಗ ಎಳೆಯನ್ನು ಬುಡದಲ್ಲೇ ಗೀರುತ್ತದೆ. ನೀವು ಹೇಳುವ ಕಪ್ಪು ಪಟ್ಟೆಯಲ್ಲಿ ಸ್ವಲ್ಪ ಭಾಗ ಕೊಳೆಯೇ ಅಲ್ಲದಿರಬಹುದು. ಗೀರುಬಿದ್ದ ಎಳೆ ಬೆಳಕನ್ನು ಸರಿಯಾಗಿ ಹೊಳೆಯಿಸದೆ ಮಂಕಾಗಿ ಕಾಣುತ್ತದೆ. ಅದು ನಾನು ತೊಳೆದರೂ ಹೋಗುವುದಿಲ್ಲ.

ಮತ್ತೆ ಅವರೇ: ನೊರೆ ಬಂತು ಸರ್! ಆದರೆ ಹೋದ ಸಲ ಒಣಗೋಕೇ ಎರಡು ದಿನ ಬೇಕಾಯಿತು. ಈಗ ಮತ್ತೆ ನೀರು ಹಾಕೋಕೆ ಭಯ.

ಉತ್ತರ: ಭಯಪಡುವ ವಿಷಯವೇ. ಸರಿಯಾಗಿ ಹೀರಿಸಿದ್ದರೆ 6ರಿಂದ 12 ಗಂಟೆಯಲ್ಲಿ ಒಣಗಬೇಕು. 24ರಿಂದ 48 ಗಂಟೆ ಒದ್ದೆಯಾಗೇ ಇದ್ದರೆ ಬೂಷ್ಟು ಹಿಡಿಯಲು ಶುರು. ಫ್ಯಾನನ್ನು ನೆಲದ ಮೇಲಿಟ್ಟು ಗಾಳಿ ಕಾರ್ಪೆಟ್ಟಿನ ಉದ್ದಕ್ಕೂ ಹರಿಯುವಂತೆ ತಿರುಗಿಸಿ. ಹೊರಗೆ ಮಳೆಯಿದ್ದರೆ ಆ ದಿನ ತೊಳೆಯಲೇಬೇಡಿ. ಒಣಗುವ ಮೊದಲು ಸೋಫಾ, ಮಂಚ ವಾಪಸ್ ಇಟ್ಟರೆ ಮರದ ಬಣ್ಣವೋ ಕಬ್ಬಿಣದ ತುಕ್ಕೋ ಇಳಿದುಬಿಡುತ್ತದೆ. ಇಡಲೇಬೇಕಾದರೆ ಕಾಲುಗಳ ಕೆಳಗೆ ಪ್ಲಾಸ್ಟಿಕ್ ತುಂಡು ಕೊಡಿ.

ಪ್ರಶ್ನೆ: ಚಹಾ ಕಲೆ ಪೂರ್ತಿ ಹೋಗಿತ್ತು. ಬೆಳಗ್ಗೆ ಎದ್ದು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಹಾಜರ್. ದೆವ್ವದ ಕಾಟವಾ?

ಉತ್ತರ: ದೀಪದ ಬತ್ತಿ ಎಣ್ಣೆ ಎಳೆಯುವುದನ್ನು ನೋಡಿದ್ದೀರಲ್ವಾ? ಅದೇ ಇದು. ಮೇಲಿನ ಕಲೆ ಹೋಗಿದೆ, ಬುಡಕ್ಕೆ ಇಳಿದ ಚಹಾ ಹಾಗೇ ಇದೆ. ಒಣಗುವಾಗ ನೀರು ಎಳೆಯ ತುದಿಗೆ ಏರುತ್ತದೆ, ಬಣ್ಣವನ್ನೂ ಹೊತ್ತು ತರುತ್ತದೆ. ಆ ಜಾಗವನ್ನು ತಣ್ಣೀರಿನಿಂದ ಸ್ವಲ್ಪವೇ ಒದ್ದೆ ಮಾಡಿ. ಬಿಳಿ ಟವೆಲನ್ನು ನಾಲ್ಕು ಮಡಿಕೆ ಮಾಡಿ ಮೇಲಿಟ್ಟು, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಭಾರ ಹೇರಿ. ರಾತ್ರಿಯಿಡೀ ಇರಲಿ. ಬಣ್ಣ ಟವೆಲಿಗೆ ಬರುತ್ತದೆ. ಮುಂದೆ ಏನಾದರೂ ಚೆಲ್ಲಿದರೆ ಉಜ್ಜಬೇಡಿ, ಒತ್ತಿ. ಅಂಚಿನಿಂದ ನಡುವಿಗೆ.

ಪ್ರಶ್ನೆ: ಬೆಕ್ಕು ಮೂತ್ರ ಮಾಡಿದ ಜಾಗ. ನಾಲ್ಕು ಸಲ ತೊಳೆದೆವು. ಮಳೆ ಬಂದ ದಿನ ಮಾತ್ರ ಗಬ್ಬು ವಾಸನೆ. ವಿನೆಗರ್, ಬೇಕಿಂಗ್ ಸೋಡಾ ಬೆರೆಸಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ.

ಉತ್ತರ: ಎಲ್ಲರೂ ಹೇಳುತ್ತಾರೆ, ನನಗೂ ಕೇಳಿ ಕೇಳಿ ಸಾಕಾಗಿದೆ. ಒಂದು ಹುಳಿ, ಒಂದು ಕ್ಷಾರ. ಬೆರೆಸಿದರೆ ಬುಸುಬುಸು ಗುಳ್ಳೆ ಬರುತ್ತದೆ, ನೋಡೋಕೆ ಚೆಂದ. ಆಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಸೋಡಾ ಪುಡಿ ಬುಡಕ್ಕೆ ಇಳಿದು ಕೂತು, ವ್ಯಾಕ್ಯೂಮಿನ ಫಿಲ್ಟರನ್ನೂ ಕಟ್ಟಿಸುತ್ತದೆ.

ಮೂತ್ರ ಒಣಗಿದಾಗ ಹರಳುಗಳು ಉಳಿಯುತ್ತವೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ವಾಸನೆ ಮತ್ತೆ ಏಳುತ್ತದೆ. ಇದಕ್ಕೆ ಎನ್‌ಝೈಮ್ ಇರುವ, ಅಂದರೆ ಕೊಳೆಯನ್ನು ಒಡೆದು ಕರಗಿಸುವ ಪದಾರ್ಥ ಇರುವ ಕ್ಲೀನರ್ ಬೇಕು. ಮೂತ್ರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಅದೂ ಇಳಿಯಬೇಕು, ಡಬ್ಬದ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿರಬೇಕು. ಐದು ನಿಮಿಷಕ್ಕೆ ಒರೆಸಿದರೆ ದುಡ್ಡು ದಂಡ. ಕಲೆ ಎಲ್ಲಿದೆ ಗೊತ್ತಾಗದಿದ್ದರೆ ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟು ನೋಡಿ. ಬ್ಲೀಚ್ ಮಾತ್ರ ಹಾಕಲೇಬೇಡಿ. ಮೂತ್ರದ ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ.

ಇನ್ನೊಬ್ಬರು: ನಮ್ಮದು ಉಣ್ಣೆ. ಎನ್‌ಝೈಮ್ ಹಾಕಬಹುದಾ?

ಉತ್ತರ: ಉಣ್ಣೆಗೂ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದರೆ ಮಾತ್ರ. ಉಣ್ಣೆಯೂ ನಮ್ಮ ಕೂದಲಿನ ಹಾಗೆ ಪ್ರೋಟೀನೇ. ಪ್ರೋಟೀನ್ ಕರಗಿಸುವ ಎನ್‌ಝೈಮಿಗೆ ಕಲೆ ಯಾವುದು, ಕಾರ್ಪೆಟ್ ಯಾವುದು ಅಂತ ಗೊತ್ತಾಗುವುದಿಲ್ಲ. ಬಟ್ಟೆ ಒಗೆಯುವ ಪುಡಿಯೂ ಬೇಡ, ಅದರ ಕ್ಷಾರ ಉಣ್ಣೆಗೆ ಒಗ್ಗುವುದಿಲ್ಲ.

ಪ್ರಶ್ನೆ: ರೇಷ್ಮೆ ಕಾರ್ಪೆಟ್ ಅಂತ ಕಡಿಮೆ ಬೆಲೆಗೆ ಕೊಂಡೆ. ಒಂದು ಲೋಟ ನೀರು ಚೆಲ್ಲಿದ್ದಕ್ಕೇ ಆ ಜಾಗ ಹಳದಿಯಾಗಿ ಒರಟಾಗಿದೆ.

ಉತ್ತರ: ಹೇಳೋಕೆ ಬೇಜಾರು ಅಕ್ಕ, ಅದು ವಿಸ್ಕೋಸ್ ಇರಬೇಕು, ಮರದ ತಿರುಳಿನಿಂದ ಮಾಡಿದ, ರೇಷ್ಮೆಯ ಹಾಗೆ ಹೊಳೆಯುವ ಎಳೆ. ಹಿಂಬದಿಯಿಂದ ಒಂದೇ ಒಂದು ಎಳೆ ಕಿತ್ತು, ಕಾರ್ಪೆಟ್ಟಿನಿಂದ ದೂರ ಹೋಗಿ ಸಿಂಕ್ ಮೇಲೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದರೆ ವಿಸ್ಕೋಸ್. ಕೂದಲು ಸುಟ್ಟ ವಾಸನೆಯಾದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಉಂಡೆಯಾದರೆ ನೈಲಾನೋ ಪಾಲಿಯೆಸ್ಟರೋ. ವಿಸ್ಕೋಸ್ ಒದ್ದೆಯಾದರೆ ಎಳೆಯ ಬಲವೇ ಕುಂದುತ್ತದೆ. ಪರಿಣತರು ಒರಟನ್ನು ಸ್ವಲ್ಪ ಮೃದು ಮಾಡಬಹುದು, ಮೊದಲಿನ ಹಾಗೆ ಮಾಡುವುದು ಕಷ್ಟ. ಹೆಚ್ಚು ಓಡಾಟವಿಲ್ಲದ ಕಡೆ ಹಾಸಿ.

ಪ್ರಶ್ನೆ: ಸೋಫಾ ಕೆಳಗಿನ ಉಣ್ಣೆ ಕಾರ್ಪೆಟ್ ಅಲ್ಲಲ್ಲಿ ಬೋಳಾಗಿದೆ. ನಾಫ್ತಲೀನ್ ಗುಳಿಗೆ ಇಡಲಾ?

ಉತ್ತರ: ನುಸಿ ಹಿಡಿದಿದೆ. ತಿನ್ನುವುದು ಹಾರುವ ಹುಳ ಅಲ್ಲ, ಅದರ ಮರಿ. ಕತ್ತಲು, ಅಲುಗಾಟವಿಲ್ಲದ ಜಾಗ ಅದಕ್ಕೆ ಇಷ್ಟ. ಗುಳಿಗೆ ಕೆಲಸ ಮಾಡುವುದು ಗಾಳಿ ಆಡದ ಪೆಟ್ಟಿಗೆಯಲ್ಲಿ. ತೆರೆದ ಕೋಣೆಯಲ್ಲಿ ಹುಳಕ್ಕೆ ಏನೂ ಆಗುವುದಿಲ್ಲ, ಉಸಿರಾಡುವ ನಿಮಗೇ ಕೆಟ್ಟದ್ದು. ಸೋಫಾ ಎಳೆದು ಎರಡೂ ಬದಿ ವ್ಯಾಕ್ಯೂಮ್ ಮಾಡಿ, ಕಸದ ಚೀಲವನ್ನು ಅವತ್ತೇ ಮನೆಯಿಂದ ಹೊರಗೆ ಹಾಕಿ. ಎರಡು ವಾರ ಬಿಟ್ಟು ಇನ್ನೂ ಮರಿ ಕಂಡರೆ ಫೋಟೋ ಹಾಕಿ, ನೋಡೋಣ.